ನೀರಿನಲ್ಲಿ ಏನಿದೆ ಎಂದು ತಿಳಿದ ಮೇಲೆ

ಬಾಗೇಪಲ್ಲಿ ತಾಲ್ಲೂಕಿನಲ್ಲಿರುವ ನಮ್ಮ ದೊಡ್ಡಮ್ಮನ ಊರಿಗೆ ಒಂದು ಮಧ್ಯಾಹ್ನ ನೀರು ಪರೀಕ್ಷೆ ಮಾಡುವವರು ಬಂದಿದ್ದರು. ಶಾಲೆಯ ಜಗಲಿ ಮೇಲೆ ಸಣ್ಣ ಪೆಟ್ಟಿಗೆ ಬಿಚ್ಚಿಟ್ಟು, ಬೆರಳುದ್ದದ ಗಾಜಿನ ನಳಿಗೆಯಲ್ಲಿ ಬೋರಿನ ನೀರು ಹಿಡಿದು, ಅದಕ್ಕೆ ಹನಿ ಹನಿಯಾಗಿ ದ್ರಾವಣ ಬಿಟ್ಟರು. ನಳಿಗೆಯನ್ನು ಅಲ್ಲಾಡಿಸಿ ಬೆಳಕಿಗೆ ಹಿಡಿದಾಗ ಗುಲಾಬಿಯಾಗಿ ಉಳಿಯಬೇಕಿದ್ದ ನೀರು ಹಳದಿಗೆ ತಿರುಗಿತ್ತು. ಹಳದಿಯಾದಷ್ಟೂ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಜಾಸ್ತಿ. ಬಣ್ಣದ ಪಟ್ಟಿಯ ಪಕ್ಕ ಇಟ್ಟು ಹೋಲಿಸಿ, ಲೀಟರಿಗೆ ಎರಡಕ್ಕೂ ಮೂರಕ್ಕೂ ನಡುವೆ ಮಿಲಿಗ್ರಾಂ ಎಂದು ಪುಸ್ತಕದಲ್ಲಿ ಬರೆದುಕೊಂಡರು. ನಮ್ಮ ದೇಶದ ಮಾನದಂಡದ ಪ್ರಕಾರ ಒಂದು ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದ ಕಡೆಯೂ 1.5 ದಾಟಬಾರದು.

ದೊಡ್ಡಮ್ಮ ಕಂಬಕ್ಕೊರಗಿ ನಿಂತು ಎಲ್ಲವನ್ನೂ ನೋಡಿದರು. ಅವರ ಮಂಡಿ ನೆಟ್ಟಗಾಗದೆ ಎಷ್ಟೋ ವರ್ಷವಾಗಿದೆ. ವಯಸ್ಸಿನದು, ಕಳೆ ತೆಗೆದು ತೆಗೆದು ಹಿಂಗಾಗಿದೆ ಅಂತಲೇ ಅಂದುಕೊಂಡಿದ್ದರು. ಬಂದವರು ಫ್ಲೋರೈಡಿನಿಂದ ಮೂಳೆಗೂ ತೊಂದರೆ ಆಗುತ್ತದೆ ಎಂದು ವಿವರಿಸಿ ಹೋದ ಮೇಲೆ ನನ್ನ ಕಡೆ ತಿರುಗಿ, "ಮೂವತ್ತು ವರ್ಷ ಕುಡಿದಾಯ್ತಲ್ಲಪ್ಪ. ಈಗ ಗೊತ್ತು ಮಾಡ್ಕೊಂಡು ನಾನೇನು ಮಾಡ್ಲಿ? ಗೊತ್ತಿಲ್ದೇ ಇದ್ದಿದ್ರೇ ಚೆನ್ನಾಗಿತ್ತು" ಅಂದರು.

ಆವತ್ತು ನನಗೆ ಏನು ಹೇಳಬೇಕೋ ತೋಚಲಿಲ್ಲ. ತಿಳಿದುಕೊಂಡರೆ ಒಳ್ಳೆಯದು ಎಂದೇ ನಾವೆಲ್ಲ ಬೆಳೆದವರು. ಮಕ್ಕಳಿಗೆ ಹೇಳುವುದೂ ಅದನ್ನೇ. ಆದರೆ ಹೆಚ್ಚು ತಿಳಿದವರು ಹೆಚ್ಚು ನೆಮ್ಮದಿಯಾಗಿರುತ್ತಾರೆಯೇ? ಹೆಚ್ಚು ವಿವೇಕಿಗಳಾಗುತ್ತಾರೆಯೇ? ಇವು ಎರಡು ಬೇರೆ ಪ್ರಶ್ನೆಗಳು. ಎರಡಕ್ಕೂ ಸಂಶೋಧಕರು ಬಹಳ ಕಾಲದಿಂದ ಉತ್ತರ ಹುಡುಕುತ್ತಿದ್ದಾರೆ. ಅವರು ಕಂಡದ್ದನ್ನು ದೊಡ್ಡಮ್ಮನ ಮಾತಿನ ಎದುರಿಗಿಟ್ಟು ನೋಡುವುದು ಈ ಬರಹದ ಉದ್ದೇಶ.

ಒಂದೇ ಸಂಗತಿ, ಎರಡು ಬೆಲೆ

ಮೊದಲು ನೀರಿನ ವಿಷಯವನ್ನೇ ಮುಗಿಸಿಕೊಳ್ಳೋಣ, ಏಕೆಂದರೆ ಉತ್ತರದ ಅರ್ಧ ಅದರಲ್ಲೇ ಇದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ನೆಲದಡಿ ಇರುವುದು ಗ್ರಾನೈಟ್ ಜಾತಿಯ ಗಟ್ಟಿ ಬಂಡೆ. ಅದರೊಳಗಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇದೆ. ಮಳೆನೀರು ಇಂಗಿ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಾಗ ಅದು ಸ್ವಲ್ಪ ಸ್ವಲ್ಪವೇ ಕರಗಿ ನೀರಿಗೆ ಸೇರುತ್ತದೆ. ಕೆರೆ ಬತ್ತಿ, ತೆರೆದ ಬಾವಿ ಬತ್ತಿ, ಬೋರು ಸಾವಿರ ಅಡಿ ದಾಟಿದ ಮೇಲೆ ನಮಗೆ ಸಿಗುತ್ತಿರುವುದು ಹೀಗೆ ಬಹುಕಾಲ ಬಂಡೆಯೊಳಗೆ ಕೂತಿದ್ದ ನೀರು. ಕುಡಿಯಲು ತಿಳಿಯಾಗಿಯೇ ಇರುತ್ತದೆ, ರುಚಿಯಲ್ಲೂ ವಾಸನೆಯಲ್ಲೂ ಏನೂ ಗೊತ್ತಾಗುವುದಿಲ್ಲ.

ಇದರ ಕೆಲಸ ವಯಸ್ಸಿಗೆ ತಕ್ಕಂತೆ ಬೇರೆ. ಹಲ್ಲಿನ ಮೇಲ್ಪದರ ವಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಆಗ ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಮೇಲೆ ಸುಣ್ಣದಂಥ ಮಚ್ಚೆ, ಆಮೇಲೆ ಕಂದು ಗೆರೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಗೆರೆ ಬಿದ್ದ ಹಲ್ಲು ಕಾಣಿಸದಂತೆ ಬಾಯಿಗೆ ಕೈ ಅಡ್ಡ ಹಿಡಿದು ನಗುವ ಹುಡುಗಿಯರನ್ನು ನಮ್ಮ ಸೀಮೆಯ ಯಾವ ಶಾಲೆಯಲ್ಲಾದರೂ ನೋಡಬಹುದು. ಎಂಟು ದಾಟಿದವರ ಹಲ್ಲಿಗೆ ಆ ಅಪಾಯ ಇಲ್ಲ, ಆದರೆ ದಶಕಗಟ್ಟಲೆ ಕುಡಿದರೆ ಅದು ಮೂಳೆಯಲ್ಲಿ, ಕೀಲಿನಲ್ಲಿ ಕೂರುತ್ತದೆ. ಹಾಗೆ ಕೂತದ್ದನ್ನು ತೆಗೆಯುವ ಔಷಧಿ ಇಲ್ಲ.

ಅಂದರೆ ಆ ನಳಿಗೆಯ ಹಳದಿ ಬಣ್ಣ ಒಂದೇ ಮನೆಯಲ್ಲಿ ಇಬ್ಬರಿಗೆ ಎರಡು ಬೇರೆ ಸಂಗತಿ ಹೇಳಿತು. ದೊಡ್ಡಮ್ಮನಿಗೆ ಹೇಳಿದ್ದು ಕಳೆದುಹೋದದ್ದರ ಕಾರಣ. ಅವರ ಮೊಮ್ಮಗಳಿಗೆ ಆಗ ಮೂರು ವರ್ಷ. ಅವಳ ಮಟ್ಟಿಗೆ ಅದು ಇನ್ನೂ ತಪ್ಪಿಸಬಹುದಾದ ವಿಷಯ. ತಿಳಿವಳಿಕೆಯನ್ನು ಕುಡುಗೋಲಿಗೆ ಹೋಲಿಸಬಹುದು. ಹಿಡಿ ಇದ್ದರೆ ಕೆಲಸಕ್ಕೆ ಬರುತ್ತದೆ, ಹಿಡಿ ಇಲ್ಲದಿದ್ದರೆ ಹಿಡಿದವನ ಕೈಯನ್ನೇ ಕುಯ್ಯುತ್ತದೆ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಭಾರತದಲ್ಲಿ ಕುಡಿಯುವ ನೀರಿನ ಫ್ಲೋರೈಡಿನಿಂದ ಮೂಳೆ ಗಟ್ಟಿಯಾಗುವ ರೋಗವನ್ನು ವೈದ್ಯರು ವರದಿ ಮಾಡಿದ್ದು 1937ರಲ್ಲಿ, ಆಂಧ್ರದ ನೆಲ್ಲೂರು ಜಿಲ್ಲೆಯಿಂದ. ನಮ್ಮ ಗಡಿಯಿಂದ ಒಂದು ದಿನದ ಪ್ರಯಾಣ. ಫ್ಲೋರೈಡಿನಿಂದ ಬರುವ ಈ ಕಾಯಿಲೆಯನ್ನು, ಅಂದರೆ ಫ್ಲೋರೋಸಿಸ್ ಅನ್ನು, ತಡೆಯಲು ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 2008-09ರಲ್ಲಿ. ನಡುವೆ ಎಪ್ಪತ್ತು ವರ್ಷ ಆ ಜ್ಞಾನ ಪುಸ್ತಕದಲ್ಲಿತ್ತು, ಪ್ರಯೋಗಾಲಯದಲ್ಲಿತ್ತು. ಜಗತ್ತಿಗೆ ಗೊತ್ತಿತ್ತು ಎನ್ನುವುದರಿಂದ ನಮ್ಮ ದೊಡ್ಡಮ್ಮನಿಗೆ ಏನು ಬಂತು?

ತಿಳಿಯುವುದರಲ್ಲಿ ಇರುವ ಸುಖ

ತಿಳಿಯುವ ಕ್ರಿಯೆಯಲ್ಲೇ ಒಂದು ಸುಖ ಇರುವುದಂತೂ ನಿಜ. ಕರೆಂಟು ಹೋದ ರಾತ್ರಿ ಅಜ್ಜಿ "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನು?" ಎಂದು ಒಗಟು ಹಾಕಿದಾಗ ಮಕ್ಕಳು ತಡಕಾಡಿ, ತಲೆ ಕೆರೆದುಕೊಂಡು, ಕೊನೆಗೆ ಒಬ್ಬಳು "ಮಲ್ಲಿಗೆ!" ಎಂದು ಕೂಗಿದಾಗಿನ ಆ ಮುಖ ನೆನೆಸಿಕೊಳ್ಳಿ. ಅರ್ಥಶಾಸ್ತ್ರ, ಮನಃಶಾಸ್ತ್ರ ಎರಡರಲ್ಲೂ ಪ್ರಾಧ್ಯಾಪಕರಾದ ಜಾರ್ಜ್ ಲೋವೆನ್‌ಸ್ಟೀನ್ 1994ರಲ್ಲಿ ಕುತೂಹಲವನ್ನು ವಿವರಿಸಿದ್ದು ಹೀಗೆ: ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕೆನಿಸುವುದಕ್ಕೂ ನಡುವಿನ ಕಂದಕ ಕಣ್ಣಿಗೆ ಬಿದ್ದಾಗ ಮನಸ್ಸಿಗೆ ತುರಿಕೆಯಾಗುತ್ತದೆ, ಉತ್ತರ ಸಿಕ್ಕಾಗ ತುರಿಕೆ ತೀರುತ್ತದೆ. ಏನೂ ಗೊತ್ತಿಲ್ಲದವನಿಗೆ ಕುತೂಹಲವೂ ಇಲ್ಲ, ಸ್ವಲ್ಪ ಗೊತ್ತಿರಬೇಕು. ಈ ವಿವರಣೆ ಒಳಗೊಳಗೇ ಇನ್ನೊಂದು ಮಾತನ್ನೂ ಹೇಳುತ್ತದೆ. ಒಂದು ಕಂದಕ ಮುಚ್ಚಿದರೆ ಅದರಾಚೆ ಇನ್ನೆರಡು ಕಾಣುತ್ತವೆ. ಹಾಗಾಗಿ ಆ ಸುಖ ನಿಲ್ಲುವಂಥದ್ದಲ್ಲ. ಫೋನು ಹಿಡಿದು ರಾತ್ರಿ ಹನ್ನೊಂದಕ್ಕೆ ಒಂದು ಸುದ್ದಿ ತೆರೆದವರು ಒಂದೂವರೆಗೆ ಕಣ್ಣು ಕೆಂಪಾಗಿಸಿಕೊಂಡು ಮಲಗುವುದು ಇದರಿಂದಲೇ.

ಒಗಟಿನ ಉತ್ತರ ಯಾರಿಗೂ ನೋವು ಕೊಡುವುದಿಲ್ಲ. ಆದರೆ ನಮ್ಮ ಮುಂದಿನ ಬದುಕಿನ ಬಗ್ಗೆ ಉತ್ತರ ಸಿಗುವುದಾದರೆ? ಮನಃಶಾಸ್ತ್ರಜ್ಞರಾದ ಗೆರ್ಡ್ ಗಿಗರೆಂಜರ್ ಮತ್ತು ರೊಸಿಯೊ ಗಾರ್ಸಿಯಾ-ರೆಟಮೆರೊ ಜರ್ಮನಿ, ಸ್ಪೇನ್‌ಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಇದನ್ನೇ ಕೇಳಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಮ್ಮ ಗಂಡ ಅಥವಾ ಹೆಂಡತಿ ಯಾವಾಗ ಸಾಯುತ್ತಾರೆ, ಯಾವುದರಿಂದ ಸಾಯುತ್ತಾರೆ ಎಂಬಂಥ ಪ್ರಶ್ನೆಗಳು. ಬರಲಿರುವ ಕೆಟ್ಟದ್ದನ್ನು ಮುಂಚೆಯೇ ತಿಳಿಯುವುದು ಬೇಡ ಎಂದವರು ಶೇಕಡಾ 85ರಿಂದ 90. ಒಳ್ಳೆಯದರ ವಿಷಯದಲ್ಲೂ ಶೇಕಡಾ 40ರಿಂದ 70 ಜನ ಬೇಡವೆಂದರು. ದೊಡ್ಡಮ್ಮನ ಮಾತು ಅಪರೂಪದ್ದಲ್ಲ, ಬಹುಪಾಲು ಮನುಷ್ಯರ ಮಾತು.

ಹಂಟಿಂಗ್‌ಟನ್ ಎಂಬ ಕಾಯಿಲೆ ಇದನ್ನು ಇನ್ನೂ ಹತ್ತಿರದಿಂದ ತೋರಿಸುತ್ತದೆ. ತಂದೆಗೋ ತಾಯಿಗೋ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಶುರುವಾಗಿ ಮೈ ಮತ್ತು ಬುದ್ಧಿ ಎರಡನ್ನೂ ನಿಧಾನವಾಗಿ ಕಿತ್ತುಕೊಳ್ಳುತ್ತದೆ. ವಾಸಿ ಮಾಡುವ ಔಷಧಿ ಇಲ್ಲ. ಪರೀಕ್ಷೆ ಕೈಗೆ ಸಿಗುವ ಮುನ್ನ ಇಂಥ ಮನೆತನದವರಲ್ಲಿ ಹೆಚ್ಚಿನವರು ಮಾಡಿಸಿಕೊಳ್ಳುತ್ತೇವೆ ಎಂದಿದ್ದರು. 1993ರಲ್ಲಿ ಆ ಕಾಯಿಲೆಗೆ ಕಾರಣವಾದ ಜೀನ್ (ವಂಶವಾಹಿ) ಪತ್ತೆಯಾಗಿ ಖಚಿತ ಪರೀಕ್ಷೆ ಬಂದ ಮೇಲೆ ನಿಜವಾಗಿ ಮುಂದೆ ಬಂದವರು ಐವರಲ್ಲಿ ಒಬ್ಬರಿಗಿಂತ ಕಡಿಮೆ.

ಹಾಗಾದರೆ ತಿಳಿಯದಿರುವುದೇ ಸುಖ ಎನ್ನೋಣವೇ? ಇಲ್ಲೊಂದು ತಿರುವು ಇದೆ. ಜೀನ್ ಸಿಗುವ ಮೊದಲು, ಕುಟುಂಬದವರ ರಕ್ತ ಹೋಲಿಸಿ ಸಾಧ್ಯತೆ ಅಂದಾಜು ಮಾಡುವ ಪರೀಕ್ಷೆ ಇತ್ತು. ಅದನ್ನು ಮಾಡಿಸಿಕೊಂಡವರನ್ನು ಕೆನಡಾದ ವೈದ್ಯರು ವರ್ಷವಿಡೀ ಗಮನಿಸಿ 1992ರಲ್ಲಿ ವರದಿ ಮಾಡಿದರು. ನಿಮಗೆ ಬರುವುದಿಲ್ಲ ಎಂದು ತಿಳಿದವರ ಮನಸ್ಸು ಹಗುರಾಗಿತ್ತು, ಅದು ಸಹಜ. ಬರುವ ಸಾಧ್ಯತೆ ಹೆಚ್ಚು ಎಂದು ತಿಳಿದವರೂ ವರ್ಷ ಕಳೆಯುವ ಹೊತ್ತಿಗೆ, ಏನೂ ತಿಳಿಯದೆ ತೂಗಾಡುತ್ತ ಉಳಿದವರಿಗಿಂತ ಸಮಾಧಾನವಾಗಿದ್ದರು. ಕೆಟ್ಟ ಸುದ್ದಿಗೆ ಮನುಷ್ಯ ಹೊಂದಿಕೊಳ್ಳುತ್ತಾನೆ, ಮದುವೆ ಮಕ್ಕಳು ಮನೆ ಎಂದು ಅದರ ಸುತ್ತ ಬದುಕನ್ನು ಕಟ್ಟಿಕೊಳ್ಳುತ್ತಾನೆ. ಹೌದೋ ಅಲ್ಲವೋ ಎನ್ನುವ ಗುಮಾನಿಯ ಸುತ್ತ ಏನನ್ನೂ ಕಟ್ಟಲಾಗುವುದಿಲ್ಲ. ಈ ಫಲಿತಾಂಶ ಓದಿದ ದಿನ ನಾನು ದೊಡ್ಡಮ್ಮನ ಮಾತನ್ನು ಇನ್ನೊಮ್ಮೆ ಯೋಚಿಸಿದೆ. ಅವರ ಸಂಕಟ ತಿಳಿದದ್ದರಿಂದ ಬಂದದ್ದೋ, ತಿಳಿದದ್ದು ತಡವಾದದ್ದರಿಂದ ಬಂದದ್ದೋ?

ಹುಡುಕಿದಷ್ಟೂ ಸಿಗುವ ರೋಗ

ಕಾಲಕ್ಕೆ ಸರಿಯಾಗಿ ತಿಳಿದರೂ ಕೆಡುಕಾಗುವುದುಂಟು. ದಕ್ಷಿಣ ಕೊರಿಯಾ 1999ರಲ್ಲಿ ಕೆಲವು ಕ್ಯಾನ್ಸರ್‌ಗಳಿಗೆ ಸರ್ಕಾರದಿಂದಲೇ ತಪಾಸಣೆ ಶುರು ಮಾಡಿತು. ಥೈರಾಯ್ಡ್ ಆ ಪಟ್ಟಿಯಲ್ಲಿ ಇರಲಿಲ್ಲ, ಆದರೆ ಆಸ್ಪತ್ರೆಗಳು ಸ್ವಲ್ಪ ದುಡ್ಡಿಗೆ ಕುತ್ತಿಗೆಯ ಸ್ಕ್ಯಾನನ್ನೂ ಸೇರಿಸಿದವು. ಮಾಡಿಸಿಕೊಂಡರೆ ನಷ್ಟವೇನು ಎಂದು ಜನ ಮಾಡಿಸಿಕೊಂಡರು. 1993ಕ್ಕೆ ಹೋಲಿಸಿದರೆ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ ಹದಿನೈದು ಪಟ್ಟು ಏರಿತ್ತು. ಆ ಒಂದೇ ವರ್ಷ 40,000ಕ್ಕೂ ಹೆಚ್ಚು ಜನರಿಗೆ ಪತ್ತೆಯಾಯಿತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು, ಏರಲೂ ಇಲ್ಲ, ಇಳಿಯಲೂ ಇಲ್ಲ.

ಕಾರಣ ಇಷ್ಟೇ. ಥೈರಾಯ್ಡ್‌ನಲ್ಲಿ ಹುಟ್ಟುವ ಎಷ್ಟೋ ಸಣ್ಣ ಗಂಟುಗಳು ಬೆಳೆಯದೆ, ತೊಂದರೆ ಕೊಡದೆ ಇರುತ್ತವೆ. ಮನುಷ್ಯ ಬೇರೆ ಯಾವುದೋ ಕಾರಣಕ್ಕೆ ಸಾಯುವ ತನಕ ಅವು ಇದ್ದದ್ದೂ ಗೊತ್ತಾಗುವುದಿಲ್ಲ. ಸ್ಕ್ಯಾನು ಅವನ್ನು ಹೊರಗೆಳೆಯಿತು. ಕ್ಯಾನ್ಸರ್ ಎಂಬ ಹೆಸರು ಕಿವಿಗೆ ಬಿದ್ದ ಮೇಲೆ ಸುಮ್ಮನಿರುವ ಧೈರ್ಯ ಯಾರಿಗಿದೆ? ಹೆಚ್ಚಿನವರು ಗ್ರಂಥಿಯನ್ನೇ ತೆಗೆಸಿಕೊಂಡು ಜೀವಮಾನವಿಡೀ ಮಾತ್ರೆಗೆ ಬಿದ್ದರು. ಇದು 2014ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿ ಚರ್ಚೆಯಾದ ಮೇಲೆ ಶಸ್ತ್ರಚಿಕಿತ್ಸೆಗಳು ಇಳಿದವು. ಪೂರ್ತಿ ಬಾಡಿ ಚೆಕಪ್ ಪ್ಯಾಕೇಜಿನ ಜಾಹೀರಾತು ಈಗ ನಮ್ಮ ತಾಲ್ಲೂಕು ಬಸ್ ನಿಲ್ದಾಣದಲ್ಲೂ ಕಾಣುತ್ತದೆ. ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳುವುದಕ್ಕೆ ನನ್ನ ಆಕ್ಷೇಪ ಇಲ್ಲ. ಅಲ್ಲಿ ಏನಾದರೂ ಸಿಕ್ಕರೆ ಮಾಡುವ ದಾರಿ ಇದೆ. ಹೇಗಾದರೂ ಇರಲಿ ಎಂದು ಎಲ್ಲವನ್ನೂ ನೋಡಿಸುವ ಮುಂಚೆ, ಸಿಕ್ಕಿದರೆ ಏನು ಮಾಡುತ್ತೇವೆ ಎಂದು ವೈದ್ಯರನ್ನು ಒಮ್ಮೆ ಕೇಳುವುದು ವಾಸಿ.

ಟೊಮೆಟೊ ಮಂಡಿಯ ರೇಟು

ತಿಳಿವಳಿಕೆಗೆ ಇನ್ನೊಂದು ವಿಚಿತ್ರ ಗುಣ ಇದೆ. ಒಬ್ಬನಿಗೆ ಗೊತ್ತಿದ್ದಾಗ ಬೆಲೆಬಾಳುವುದು ಎಲ್ಲರಿಗೂ ಗೊತ್ತಾದಾಗ ತಿರುಗಿ ಬೀಳಬಹುದು. ಕೋಲಾರದ ಟೊಮೆಟೊ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2023ರ ಜುಲೈನಲ್ಲಿ ಎಲೆ ಮುರುಟು ರೋಗ, ಹವಾಮಾನ ಎರಡೂ ಸೇರಿ ಬೆಳೆ ಕಮ್ಮಿಯಾಗಿ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿತು. ಹರಾಜು ಕೂಗಿದ ಐದು ನಿಮಿಷಕ್ಕೆ ಆ ರೇಟು ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿಯ ಪ್ರತಿ ವಾಟ್ಸಾಪ್ ಗುಂಪಿನಲ್ಲೂ ಇರುತ್ತಿತ್ತು. ಮಾಹಿತಿ ಅಷ್ಟು ನಿಖರ, ಅಷ್ಟು ಬೇಗ, ಅಷ್ಟು ಪುಕ್ಕಟೆ. ಅದನ್ನು ನೋಡಿದವರೆಲ್ಲ ನರ್ಸರಿಗೆ ಓಡಿ ಸಸಿ ತಂದು ನಾಟಿ ಮಾಡಿದರು. ಟೊಮೆಟೊ ನಾಟಿಯಾಗಿ ಕೊಯ್ಲಿಗೆ ಬರಲು ಎರಡು, ಎರಡೂವರೆ ತಿಂಗಳು ಬೇಕು. ಸೆಪ್ಟೆಂಬರಿನಲ್ಲಿ ಎಲ್ಲರ ಹಣ್ಣೂ ಒಟ್ಟಿಗೆ ಬಂತು, ಬೆಲೆ ನೆಲ ಕಚ್ಚಿತು.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಜೇಡರ ಬಲೆ ಎಂಬ ಹೆಸರಿದೆ. ಹೆಸರಿಟ್ಟವರು ನಿಕೊಲಸ್ ಕಾಲ್ಡೊರ್, 1934ರಲ್ಲಿ. ಇವತ್ತಿನ ಬೆಲೆ ನೋಡಿ ನಾಳಿನ ಬೆಳೆ ಇಡುವಾಗ ಬೆಲೆಯೂ ಬೆಳೆಯೂ ಒಂದನ್ನೊಂದು ಸುತ್ತುತ್ತ ಹೋಗುತ್ತವೆ. ಅದನ್ನು ನಕ್ಷೆಯಲ್ಲಿ ಬರೆದರೆ ಜೇಡರ ಬಲೆಯ ಹಾಗೆ ಕಾಣುತ್ತದೆ. ರೇಟು ಗೊತ್ತಿತ್ತು. ಆ ರೇಟನ್ನು ಎಷ್ಟು ಜನ ನೋಡುತ್ತಿದ್ದಾರೆ, ನೋಡಿ ಏನು ಮಾಡಲಿದ್ದಾರೆ ಎನ್ನುವುದು ಗೊತ್ತಿರಲಿಲ್ಲ. ಎರಡನೆಯದನ್ನು ಯಾವ ಫೋನೂ ತೋರಿಸುವುದಿಲ್ಲ. ರೇಟು ಏರಿದಾಗ ಬೀನ್ಸ್ ಹಾಕಿ, ಎಲ್ಲರೂ ಟೊಮೆಟೊ ಬಿಟ್ಟಾಗ ಟೊಮೆಟೊ ಹಾಕುವ ಒಬ್ಬಿಬ್ಬರು ಹಿರಿಯರು ಪ್ರತಿ ಊರಲ್ಲೂ ಇರುತ್ತಾರೆ. ಅವರ ಕೈಯಲ್ಲಿ ಬೇರೆಯವರಿಗಿಂತ ಹೆಚ್ಚಿನ ಮಾಹಿತಿ ಏನೂ ಇರುವುದಿಲ್ಲ.

ಇದಕ್ಕೆ ಎದುರಾದ ಉದಾಹರಣೆಯೂ ಹತ್ತಿರದ್ದೇ. ಕೇರಳದ ಉತ್ತರ ಕರಾವಳಿಗೆ 1997ರಿಂದ 2001ರ ನಡುವೆ ಮೊಬೈಲ್ ಬಂತು. ಅದಕ್ಕೂ ಮುಂಚೆ ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನನ್ನು ನೀರಿಗೆ ಸುರಿದು ಹೋಗುತ್ತಿದ್ದ ದಿನವೇ, ಹದಿನೈದು ಕಿಲೋಮೀಟರ್ ಒಳಗಿನ ಇನ್ನೊಂದು ದಡದಲ್ಲಿ ಮೀನು ಸಿಗದೆ ಜನ ಬರಿಗೈಲಿ ಮರಳುತ್ತಿದ್ದರು. ಫೋನು ಬಂದ ಮೇಲೆ ಮೀನುಗಾರರು ದೋಣಿಯಲ್ಲಿದ್ದಾಗಲೇ ರೇಟು ಕೇಳಿ ದೋಣಿ ತಿರುಗಿಸತೊಡಗಿದರು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸೆನ್ 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಮೀನು ಎಸೆಯುವುದು ನಿಂತೇಹೋಯಿತು, ಮೀನುಗಾರರ ಲಾಭ ಸರಾಸರಿ ಶೇಕಡಾ 8 ಏರಿತು, ಕೊಳ್ಳುವವರಿಗೆ ಬೆಲೆ ಶೇಕಡಾ 4 ಇಳಿಯಿತು. ಅಲ್ಲಿಯೂ ತಿಳಿದದ್ದು ರೇಟು, ಇಲ್ಲಿಯೂ ರೇಟು. ಅಲ್ಲಿ ರೇಟು ಸಿಕ್ಕಾಗ ಮೀನು ದೋಣಿಯೊಳಗಿತ್ತು, ದೋಣಿ ತಿರುಗಿಸಲು ಸಮಯವಿತ್ತು. ಇಲ್ಲಿ ರೇಟು ಸಿಕ್ಕಾಗ ಹಣ್ಣು ಇನ್ನೂ ಬೀಜದಲ್ಲಿತ್ತು.

ಓದು ಒಕ್ಕಾಲು

ಸುಖದ ಮಾತು ಇಷ್ಟು. ವಿವೇಕದ ಪ್ರಶ್ನೆ ಇದಕ್ಕಿಂತ ಕಠಿಣ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ನಮ್ಮ ಹಿರಿಯರು ಲೆಕ್ಕ ಹಾಕಿದ್ದು ಯಾವ ಪ್ರಯೋಗವನ್ನೂ ಮಾಡದೆ. ಆದರೆ ಪ್ರಯೋಗ ಮಾಡಿದವರಿಗೂ ಹೆಚ್ಚು ಕಡಿಮೆ ಅದೇ ಸಿಕ್ಕಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟುವರ್ಟ್ ಆಸ್ಕಂಪ್ 1965ರಲ್ಲಿ ಒಂದು ಸರಳ ಪರೀಕ್ಷೆ ಮಾಡಿದರು. ಒಬ್ಬ ಯುವಕನ ಜೀವನದ ವಿವರಗಳನ್ನು ನಾಲ್ಕು ಕಂತುಗಳಲ್ಲಿ 32 ಜನರಿಗೆ ಕೊಟ್ಟರು. ಅವರಲ್ಲಿ ಅನುಭವಿ ಮನಶ್ಶಾಸ್ತ್ರಜ್ಞರೂ ಇದ್ದರು, ವಿದ್ಯಾರ್ಥಿಗಳೂ ಇದ್ದರು. ಪ್ರತಿ ಕಂತಿನ ನಂತರ ಅವನ ಸ್ವಭಾವ, ನಡವಳಿಕೆ ಕುರಿತು ಅವೇ 25 ಪ್ರಶ್ನೆ. ಉತ್ತರದ ಜೊತೆಗೆ, ನಿಮಗೆ ಎಷ್ಟು ಭರವಸೆ ಎಂದೂ ಬರೆಯಬೇಕು. ವಿವರ ಹೆಚ್ಚಿದಂತೆ ಭರವಸೆ ಶೇಕಡಾ 33ರಿಂದ 53ಕ್ಕೆ ಏರಿತು. ಸರಿಯುತ್ತರ ಶೇಕಡಾ 26 ಇದ್ದದ್ದು 28 ಆಯಿತು, ಅಷ್ಟೇ. ಪುಟ ಹೆಚ್ಚಿದಂತೆ ಧೈರ್ಯ ಹೆಚ್ಚಿತು, ದೃಷ್ಟಿ ಹೆಚ್ಚಲಿಲ್ಲ.

ಅಮೆರಿಕದವರೇ ಆದ ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್‌ಲಾಕ್ ಇನ್ನೂ ದೊಡ್ಡದಾಗಿ ನೋಡಿದರು. ರಾಜಕೀಯ, ಆರ್ಥಿಕತೆಯ ಬಗ್ಗೆ ಮುನ್ಸೂಚನೆ ಕೊಡುವುದೇ ಕಸುಬಾದ 284 ತಜ್ಞರ ಭವಿಷ್ಯವಾಣಿಗಳನ್ನು ಸುಮಾರು ಎರಡು ದಶಕ ಕೂಡಿಟ್ಟು, ಏನಾಯಿತು ಎಂದು ತಾಳೆ ನೋಡಿ 2005ರಲ್ಲಿ ಪ್ರಕಟಿಸಿದರು. ಇದ್ದದ್ದೇ ಮುಂದುವರಿಯುತ್ತದೆ ಎಂಬ ಸಾದಾ ಲೆಕ್ಕವನ್ನು ಮೀರಿಸಲೂ ತಜ್ಞರಿಗೆ ಆಗಲಿಲ್ಲ. ಹೆಚ್ಚು ಹೆಸರು ಮಾಡಿದವರು ಹೆಚ್ಚು ತಪ್ಪಿದರು. ಸ್ವಲ್ಪ ಚೆನ್ನಾಗಿ ಹೇಳಿದವರು ಒಂದು ದೊಡ್ಡ ಸಿದ್ಧಾಂತಕ್ಕೆ ಜೋತುಬೀಳದೆ, ಹತ್ತು ಕಡೆಯಿಂದ ನೋಡಿ, ತಪ್ಪಾದರೆ ತಿದ್ದಿಕೊಳ್ಳುವವರು.

ನಮಗೆ ಗೊತ್ತು ಎಂಬ ಭಾವನೆ ಎಷ್ಟು ಪೊಳ್ಳು ಎನ್ನುವುದನ್ನು ಯೇಲ್ ವಿಶ್ವವಿದ್ಯಾಲಯದ ಲಿಯೊನಿಡ್ ರೊಜೆನ್‌ಬ್ಲಿಟ್, ಫ್ರಾಂಕ್ ಕೈಲ್ 2002ರಲ್ಲಿ ತೋರಿಸಿದರು. ಜಿಪ್ಪು, ಬೀಗ, ಹೊಲಿಗೆ ಯಂತ್ರ ಇಂಥವು ಹೇಗೆ ಕೆಲಸ ಮಾಡುತ್ತವೆ ಎಂದು ನಿಮಗೆ ಎಷ್ಟು ಗೊತ್ತು, ಅಂಕ ಕೊಟ್ಟುಕೊಳ್ಳಿ ಎಂದರು. ಜನ ಧಾರಾಳವಾಗಿ ಕೊಟ್ಟುಕೊಂಡರು. ಸರಿ, ಒಂದೊಂದು ಹೆಜ್ಜೆಯನ್ನೂ ಬರೆದು ವಿವರಿಸಿ ಎಂದ ಮೇಲೆ ಅಂಕ ತಾವಾಗಿ ಇಳಿಸಿಕೊಂಡರು. ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ತೋಟದ ಮನೆಯ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿ ಕೈ ತೆಗೆದರೂ ಮೋಟರು ಓಡುತ್ತಲೇ ಇರುತ್ತದೆ, ಕರೆಂಟು ಹೋಗಿ ಬಂದರೆ ಮಾತ್ರ ಮತ್ತೆ ಒತ್ತಬೇಕು. ಏಕೆ? ಒತ್ತಿದಾಗ ಒಳಗಿನ ಸುರುಳಿ ಅಯಸ್ಕಾಂತವಾಗಿ ಸಂಪರ್ಕವನ್ನು ಎಳೆದು ಕೂಡಿಸುತ್ತದೆ. ಹಾಗೆ ಕೂಡಿದ ಸಂಪರ್ಕವೇ ಸುರುಳಿಗೆ ಕರೆಂಟು ಕೊಡುತ್ತ ತನ್ನನ್ನು ತಾನು ಹಿಡಿದಿಟ್ಟುಕೊಳ್ಳುತ್ತದೆ. ಕರೆಂಟು ಹೋದ ಕ್ಷಣ ಹಿಡಿತ ಬಿಡುತ್ತದೆ. ಇಷ್ಟನ್ನು ಕಾಗದದ ಮೇಲೆ ಬರೆಯಲು ಕೂತವರಿಗೆ ತಮಗೆ ಎಲ್ಲಿಯ ತನಕ ಗೊತ್ತು, ಎಲ್ಲಿಂದ ಗೊತ್ತಿಲ್ಲ ಎನ್ನುವ ಗೆರೆ ಕಾಣಿಸುತ್ತದೆ. ಆ ಗೆರೆ ಕಾಣುವುದು ವಿವೇಕದ ದೊಡ್ಡ ಭಾಗ ಎಂದು ನನಗೆ ಅನಿಸುತ್ತದೆ.

ಇನ್ನೊಂದು ಭಾಗ, ದೂರ ನಿಂತು ನೋಡುವುದು. ಮನಃಶಾಸ್ತ್ರಜ್ಞರಾದ ಇಗೊರ್ ಗ್ರಾಸ್‌ಮನ್, ಈಥನ್ ಕ್ರಾಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನ ಸ್ನೇಹಿತರ ಸಂಸಾರದ ಸಮಸ್ಯೆಗೆ ತೂಕದ ಮಾತು ಹೇಳಿದರು. ಅದೇ ಸಮಸ್ಯೆ ತಮ್ಮದೆಂದು ಕಲ್ಪಿಸಿಕೊಂಡಾಗ ಆ ತೂಕ ಇರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುವ ಮಾತನ್ನು ನಾವು ಬೈಗುಳವಾಗಿ ಬಳಸುತ್ತೇವೆ, ಆದರೆ ಇದು ಕಪಟವಲ್ಲ, ಮನಸ್ಸು ಇರುವುದೇ ಹಾಗೆ. ತಮ್ಮ ಕಷ್ಟವನ್ನು ಬೇರೆಯವರದೆಂಬಂತೆ ಹೊರಗೆ ನಿಂತು ನೋಡಲು ಹೇಳಿದಾಗ ಆ ವ್ಯತ್ಯಾಸ ಮಾಯವಾಯಿತು. ತಿಳಿವಳಿಕೆ ಎರಡೂ ಹೊತ್ತು ಅಷ್ಟೇ ಇತ್ತು.

ಈ ಕೊರತೆಯನ್ನು ಛಾಂದೋಗ್ಯ ಉಪನಿಷತ್ತಿನ ಏಳನೆಯ ಅಧ್ಯಾಯ ಬಹಳ ಹಿಂದೆಯೇ ಹಿಡಿದಿದೆ. ನಾರದ ಸನತ್ಕುಮಾರನ ಹತ್ತಿರ ಹೋಗಿ ಕಲಿಸು ಎನ್ನುತ್ತಾನೆ. ಏನೇನು ಗೊತ್ತು, ಮೊದಲು ಹೇಳು ಎಂದರೆ ನಾರದನ ಪಟ್ಟಿ ಮುಗಿಯುವುದೇ ಇಲ್ಲ: ನಾಲ್ಕು ವೇದ, ಇತಿಹಾಸ ಪುರಾಣ, ವ್ಯಾಕರಣ, ಗಣಿತ, ತರ್ಕ, ನಕ್ಷತ್ರಗಳ ವಿದ್ಯೆ, ಹಾವುಗಳ ವಿದ್ಯೆ. ಇಷ್ಟೆಲ್ಲ ಗೊತ್ತಿದ್ದೂ ದುಃಖದಲ್ಲಿದ್ದೇನೆ, ದಾಟಿಸು ಎಂದು ಕೇಳಿಕೊಳ್ಳುತ್ತಾನೆ. ನೀನು ಕಲಿತದ್ದು ಬರೀ ಹೆಸರುಗಳು ಎನ್ನುತ್ತಾನೆ ಸನತ್ಕುಮಾರ. ಆ ಕತೆಯಲ್ಲಿ ನನಗೆ ಇಷ್ಟವಾಗುವುದು ಮುಂದಿನ ಉಪದೇಶಕ್ಕಿಂತ ನಾರದನ ಮೊದಲ ಮಾತು. ಅಷ್ಟು ಓದಿದವನು ತನ್ನ ದುಃಖವನ್ನು ಬಾಯಿಬಿಟ್ಟು ಹೇಳಿಕೊಂಡದ್ದು.

ಅಜ್ಜಿಯ ಹಾಡು

ಗೌರಿಬಿದನೂರಿನ ಹೊರವಲಯದಲ್ಲಿ 1965ರಲ್ಲಿ ಈಗಿನ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದವರು ಭೂಕಂಪನ ಮಾಪಕಗಳ ಸಾಲನ್ನು ನೆಟ್ಟರು. ದೂರದ ದೇಶಗಳಲ್ಲಿ ನೆಲದಡಿ ಅಣುಬಾಂಬ್ ಸಿಡಿಸಿದರೆ ಇಲ್ಲಿ ತಿಳಿಯಬೇಕು ಎನ್ನುವುದು ಉದ್ದೇಶ. ಸಾವಿರಾರು ಮೈಲಿ ಆಚೆಯ ನಡುಕವನ್ನು ನಮ್ಮ ನೆಲದ ಬಂಡೆಯಲ್ಲಿ ಕೇಳಿಸಿಕೊಳ್ಳುವ ಆ ಕೆಲಸದ ಬಗ್ಗೆ ನನಗೆ ಮೊದಲಿಂದಲೂ ಹೆಮ್ಮೆ. ಆದರೆ 2004ರ ಡಿಸೆಂಬರ್ 26ನ್ನು ಮರೆಯಲಾಗುವುದಿಲ್ಲ. ಸುಮಾತ್ರಾ ಬಳಿ ಸಮುದ್ರದಡಿ ನೆಲ ನಡುಗಿದ್ದು ಕೆಲವೇ ನಿಮಿಷಗಳಲ್ಲಿ ದೇಶದ ಮಾಪಕಗಳಲ್ಲಿ ದಾಖಲಾಗಿತ್ತು. ಅಲೆ ಚೆನ್ನೈ ದಡ ಮುಟ್ಟಿದ್ದು ಎರಡು ಗಂಟೆಗೂ ಮೇಲೆ. ನಡುವಿನ ಅಷ್ಟು ಹೊತ್ತಿನಲ್ಲಿ ಆ ತಿಳಿವು ದಡದಲ್ಲಿ ಬಲೆ ಬಿಡಿಸುತ್ತಿದ್ದವರಿಗೆ ಮುಟ್ಟಲಿಲ್ಲ. ಮುಟ್ಟಿಸುವ ವ್ಯವಸ್ಥೆಯೇ ಇರಲಿಲ್ಲ. ಹೈದರಾಬಾದಿನಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಬಂದದ್ದು 2007ರಲ್ಲಿ.

ಅದೇ ದಿನ, ಭೂಕಂಪದ ಕೇಂದ್ರಕ್ಕೆ ತೀರ ಹತ್ತಿರದ ಸಿಮುಲು ಎಂಬ ದ್ವೀಪದಲ್ಲಿ ಯಾವ ಮಾಪಕವೂ ಇಲ್ಲದ ಹಳ್ಳಿಗರಿಗೆ ಸಿಕ್ಕಿದ್ದು ಹತ್ತು ನಿಮಿಷದ ಆಸುಪಾಸು. ಅಲ್ಲಿ 1907ರಲ್ಲಿ ಒಮ್ಮೆ ಸುನಾಮಿ ಬಂದು ಬಹಳ ಜನ ಸತ್ತಿದ್ದರು. ಅಂದಿನಿಂದ ಅಜ್ಜಿಯರು ಮಕ್ಕಳಿಗೆ ಜೋಗುಳದಲ್ಲಿ, ಕತೆಯಲ್ಲಿ ಹೇಳುತ್ತ ಬಂದಿದ್ದರು: ನೆಲ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಅದು 'ಸ್ಮೊಂಗ್', ಏನನ್ನೂ ಎತ್ತಿಕೊಳ್ಳದೆ ಗುಡ್ಡಕ್ಕೆ ಓಡಿ. ನಡುಕ ಬಂತು, ಯಾರೋ ಸ್ಮೊಂಗ್ ಎಂದು ಕೂಗಿದರು, ದ್ವೀಪ ಗುಡ್ಡ ಹತ್ತಿತು. ಸುಮಾರು 78,000 ಜನರಲ್ಲಿ ಸತ್ತವರು ಏಳು.

ಆ ಅಜ್ಜಿಯರಿಗೆ ಭೂಮಿಯ ಫಲಕಗಳು ಗೊತ್ತಿರಲಿಲ್ಲ, ರಿಕ್ಟರ್ ಮಾಪನ ಗೊತ್ತಿರಲಿಲ್ಲ. ಅವರ ಒಂದು ಸಾಲಿನಲ್ಲಿ ಗುರುತೂ ಇತ್ತು, ಮಾಡಬೇಕಾದ ಕೆಲಸವೂ ಇತ್ತು, ಅದು ಮಲಗಿಸುವ ಮಗುವಿನ ಕಿವಿಯ ತನಕವೂ ಹೋಗಿತ್ತು. ಹಾಗೆಂದು ಹಳೆಯದೆಲ್ಲ ಚಿನ್ನ ಎನ್ನುವ ವಾದಕ್ಕೆ ಇದನ್ನು ಬಳಸುವುದನ್ನು ನಾನು ಒಪ್ಪುವುದಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರಿನ ಪಾಯಿಂಟು ತೋರಿಸುವವರನ್ನು ನಂಬಿ ಸಾಲದ ಮೇಲೆ ಸಾಲ ಮಾಡಿದ ಮನೆಗಳು ನಮ್ಮಲ್ಲಿ ಕಡಿಮೆಯೇ? ಅದೂ ಹಳೆಯ ತಿಳಿವಳಿಕೆಯೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರನ್ನು ಇಲ್ಲಿ ನೆನೆಯಬೇಕು. ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು, ಬದುಕಿದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ. ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಸಮಿತಿ ಮಾಡಿದಾಗ ಅವರು ಜನರಿಂದ ಬಯಸಿದ್ದು ಹೆಚ್ಚು ಮಾಹಿತಿಯನ್ನಲ್ಲ. ಯಾರೇ ಹೇಳಿದರೂ, ಗುರು ಹೇಳಿದರೂ, ಇನ್ನೊಂದು ಪ್ರಶ್ನೆ ಕೇಳುವ ಅಭ್ಯಾಸವನ್ನು. ಸ್ಮೊಂಗ್ ಉಳಿಯುವುದೂ ತೆಂಗಿನಕಾಯಿ ಬೀಳುವುದೂ ಆ ಇನ್ನೊಂದು ಪ್ರಶ್ನೆಯ ಎದುರಿಗೆ.

ಪರೀಕ್ಷೆಯಾಗಿ ಎಂಟು ತಿಂಗಳಿಗೆ ಮತ್ತೆ ಊರಿಗೆ ಹೋಗಿದ್ದೆ. ಅಷ್ಟರಲ್ಲಿ ಪಕ್ಕದ ಬೀದಿಗೆ ಶುದ್ಧ ನೀರಿನ ಘಟಕ ಬಂದಿತ್ತು. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನು ತುಂಬುತ್ತಿತ್ತು. ಅಣ್ಣ ದಿನವೂ ಬೈಕಿನಲ್ಲಿ ಒಂದು ಕ್ಯಾನು ತರುತ್ತಿದ್ದ, ಎಲ್ಲರೂ ಅದನ್ನೇ ಕುಡಿಯುತ್ತಿದ್ದರು. ಸಮಸ್ಯೆ ಮುಗಿಯಿತು ಎಂದುಕೊಂಡಿದ್ದೆವು, ನಾನೂ ಸೇರಿ. ಬಂದು ಪರೀಕ್ಷೆ ಮಾಡಿದವರೂ ಕುಡಿಯುವ ನೀರಿನ ಮಾತನ್ನಷ್ಟೇ ಆಡಿದ್ದರು.

ದೊಡ್ಡಮ್ಮ ಒಲೆ ಮುಂದೆ ಮಣೆ ಹಾಕಿ ಕಾಲು ಚಾಚಿ ಕೂತಿದ್ದರು. ಮುದ್ದೆಗೆ ಎಸರು ಕೊತಕೊತ ಕುದಿಯುತ್ತಿತ್ತು. ರಾಗಿ ಹಿಟ್ಟಿನ ಡಬ್ಬಿ ಕೈಯಲ್ಲಿ ಹಿಡಿದವರು ಹಿಟ್ಟು ಹಾಕದೆ ನನ್ನ ಕಡೆ ನೋಡಿದರು.

"ಎಸರಿಗೆ ಬೋರಿನ ನೀರೇ ಇಟ್ಟಿರೋದು. ಕುದ್ರೆ ಹೋಗುತ್ತೇನಪ್ಪ ಅದು?"

ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ, ಕುದಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಮುದ್ದೆ, ಅನ್ನ, ಸಾರು ಎಲ್ಲವೂ ಕುಡಿಯುವುದು ಆ ನೀರನ್ನೇ. ಅಷ್ಟನ್ನೂ ಹೇಳಿದೆ.

"ಹಂಗಾದ್ರೆ ಮಗು ತಿಂತಿರೋದ್ರಲ್ಲೂ ಐತೆ" ಎಂದು ಅವರು ಮಸಿಬಟ್ಟೆಯಲ್ಲಿ ಪಾತ್ರೆ ಹಿಡಿದು, ಗೋಡೆ ಹಿಡಿದು ಎದ್ದು, ಕುದಿಯುವ ಎಸರನ್ನು ಬಚ್ಚಲಿಗೆ ಚೆಲ್ಲಿದರು. ಕ್ಯಾನಿನ ನೀರು ಬಗ್ಗಿಸಿಕೊಂಡು ಮತ್ತೆ ಒಲೆ ಮೇಲಿಟ್ಟರು. ಅಣ್ಣನನ್ನು ಕೂಗಿ, ನಾಳೆಯಿಂದ ಎರಡು ಕ್ಯಾನು ತರಬೇಕು ಎಂದರು.